ನಾಯಿ ಜೊತೆ ಆಚೆ ಹೋಗುವಾಗ ಜೇಬಲ್ಲಿ ಚಾಕು ಇರ್ಬೇಕಾ? ಅನುಭವ ಇರೋರು ಹೇಳಿ

ಶಿರಾಗೇಟ್ ವಾಸಿ:

ಎಲ್ರಿಗೂ ನಮಸ್ಕಾರ, ತುಮಕೂರಿಂದ. ಮನೇಲಿ ಎರಡು ನಾಯಿ ಇದಾವೆ, ಒಂದು ಬೀದಿಯಿಂದ ತಂದು ಸಾಕಿದ ಕರಿಯ, ಇನ್ನೊಂದು ಲ್ಯಾಬ್, ಹೆಸ್ರು ಚಿನ್ನು. ಭಾನುವಾರ ಬೆಳಗ್ಗೆ ಊರಾಚೆ ಕೆರೆ ಏರಿ ಕಡೆ ಕರ್ಕೊಂಡು ಹೋಗೋದು ಅಭ್ಯಾಸ. ಹೋದ ವಾರ ಚೈನ್ ಬಿಚ್ಚಿ ಆಡ್ಕೊಳ್ಳಿ ಅಂತ ಬಿಟ್ಟು ಫೋನ್ ನೋಡ್ತಾ ನಿಂತಿದ್ದೆ. ಎರಡೂ ಕತ್ತು ಕತ್ತು ಹಿಡ್ಕೊಂಡು ಆಡೋದು ಮಾಮೂಲೇ. ಇದ್ದಕ್ಕಿದ್ದಂಗೆ ಚಿನ್ನು ಒಂಥರಾ ಕೀರಲು ದನೀಲಿ ಕೂಗ್ತು, ತಿರುಗಿ ನೋಡಿದ್ರೆ ಅದರ ಕೆಳದವಡೆ ಕರಿಯನ ಬೆಲ್ಟಿನೊಳಗೆ ಸಿಕ್ಕಾಕೊಂಡಿದೆ. ಗಾಬರೀಲಿ ಚಿನ್ನು ಒಂದು ಸುತ್ತು ಉರುಳಿಬಿಡ್ತು ನೋಡಿ, ಬೆಲ್ಟು ಹಗ್ಗ ಹೊಸೆದಂಗೆ ತಿರುಚ್ಕೊಂಡು ಕರಿಯನ ಕತ್ತಿಗೆ ಬಿಗಿದುಬಿಡ್ತು. ಒಂದಕ್ಕೆ ಉಸಿರಿಲ್ಲ, ಇನ್ನೊಂದಕ್ಕೆ ಬಾಯಿ ಮುಚ್ಚೋಕಾಗಲ್ಲ, ಎರಡೂ ಒಂದನ್ನೊಂದು ಎಳೀತಾವೆ.

ಬಕಲ್ ಬಿಚ್ಚೋಕೆ ಹೋದೆ. ಅದು ಪ್ಯಾಂಟ್ ಬೆಲ್ಟಿಗೆ ಇರುತ್ತಲ್ಲ ಆ ಥರ ಕಡ್ಡಿ ಬಕಲ್, ಬಿಚ್ಬೇಕು ಅಂದ್ರೆ ಮೊದ್ಲು ಇನ್ನೊಂಚೂರು ಬಿಗಿ ಮಾಡಿ ಕಡ್ಡಿ ಹಿಂದಕ್ಕೆ ತಳ್ಳಬೇಕು. ಅಲ್ಲಿ ಬೆರಳು ತೂರೋಕೇ ಜಾಗ ಇಲ್ಲ, ಇನ್ನು ಬಿಗಿ ಮಾಡೋದೆಲ್ಲಿ. ಕರಿಯನ ನಾಲಿಗೆ ನೀಲಿಗಟ್ಟಿತ್ತು, ಅಲ್ಲೇ ಉಚ್ಚೆನೂ ಹೊಯ್ಕೊಳ್ತು. ನಾನು ಹುಚ್ಚನ ಥರ ಕೂಗಾಡ್ತಿದ್ದೆ. ಏರಿ ಕೆಳಗೆ ಹಸಕ್ಕೆ ಹುಲ್ಲು ಕುಯ್ತಿದ್ದ ಅಜ್ಜಿ ಒಬ್ರು ಓಡಿ ಬಂದು "ತಲೆ ಹಿಡ್ಕಳ್ಲಾ ಅದುಂದು" ಅಂದ್ರು, ಕುಡ್ಲು ತುದಿನ ಬೆಲ್ಟಿನ ಕೆಳಗೆ ತೂರಿಸಿ ಆಚೆ ಕಡೆಗೆ ಒಂದೇ ಸಲ ಎಳೆದ್ರು. ಟಪ್ ಅಂತು, ಬಿಡ್ತು. ಎಲ್ಲಾ ಸೇರಿ ಎರಡು ನಿಮಿಷ ಇರಬಹುದು, ನನಗೆ ಒಂದು ಗಂಟೆ ಆದಂಗಿತ್ತು. ಕರಿಯ ಐದು ನಿಮಿಷ ಬಿದ್ದಿದ್ದು ಎದ್ದ, ಈಗ ಆರಾಮಾಗಿದಾನೆ. ಚಿನ್ನೂದು ಒಂದು ಹಲ್ಲು ಮುರಿದಿದೆ.

ಈಗ ಪ್ರಶ್ನೆ. ಜೇಬಲ್ಲಿ ಒಂದು ಮಡಚೋ ಚಾಕು ಇಟ್ಕೋಬೇಕು ಅಂತ ತಲೇಲಿ ಕೂತ್ಬಿಟ್ಟಿದೆ. ಯಾವ ಥರದ್ದು? ಎಲ್ಲಿ ಇಟ್ಕೋತೀರಾ? ಪೊಲೀಸ್ನೋರು ಹಿಡಿದ್ರೆ ಏನು ಕಥೆ, 3 ಇಂಚಿಗಿಂತ ಉದ್ದ ಇರಬಾರ್ದು ಅಂತ ಎಲ್ಲೋ ಓದಿದೆ, ನಿಜಾನಾ? ನಿಮಗೆ ಯಾರಿಗಾದ್ರೂ ನಿಜವಾಗ್ಲೂ ಉಪಯೋಗಕ್ಕೆ ಬಂದಿದ್ರೆ ಅದನ್ನ ಹೇಳಿ, ಅಂಗಡಿ ಫೋಟೋ ಹಾಕ್ಬೇಡಿ.

ಗುಬ್ಬಿ ಹೈದ:

ಚಾಕು ಯಾಕಣ್ಣ, ಆ ಅಜ್ಜೀನೇ ದಿನಾ ವಾಕಿಂಗ್ ಕರ್ಕೊಂಡು ಹೋಗು.

ತಮಾಷೆಗೆ ಹೇಳ್ದೆ, ಬೇಜಾರಾಗ್ಬೇಡಿ. ನಾಯಿ ಉಳೀತಲ್ಲ ಅಷ್ಟು ಸಾಕು.

ಮಾವಿನ ತೋಪು:

ನಮ್ಮದು ಶ್ರೀನಿವಾಸಪುರ ಕಡೆ. ನನ್ನ ಜೇಬಲ್ಲಿ ಇಪ್ಪತ್ತು ವರ್ಷದಿಂದ ಕಸಿ ಕಟ್ಟೋ ಚಾಕು ಇದೆ, ಸಾಣೆ ಹಿಡಿಸಿ ಹಿಡಿಸಿ ಅರ್ಧ ಸವೆದೋಗಿದೆ, ಮುಟ್ಟಿದ್ರೆ ಕುಯ್ಯುತ್ತೆ ಅಷ್ಟು ಹರಿತ. ಆದ್ರೆ ಬೇಕಾದ ದಿನ ಅದು ಕೆಲ್ಸಕ್ಕೆ ಬರ್ಲಿಲ್ಲ, ಅದನ್ನೇ ಹೇಳೋಣ ಅಂತ.

ಕಡಲೆಕಾಯಿ ಕೀಳೋ ಟೈಮು, ಆಗ ಹಂದಿ ಕಾಟ ಜಾಸ್ತಿ. ಪಕ್ಕದ ಬದುವಲ್ಲಿ ಯಾರೋ ಪುಣ್ಯಾತ್ಮರು ಉರುಳು ಹಾಕಿದ್ರು, ಬೈಕಿನ ಕ್ಲಚ್ ವೈರಿಂದು. ನಮ್ಮ ರಾಜ, ಮುಧೋಳ ಕ್ರಾಸು, ಮೊಲ ಎದ್ದಿದ್ದೇ ತಡ ಬೇಲಿ ತೂರಿದ. ಒಂದು ಸಲ ಕುಂಯ್ ಅಂದಿದ್ದು ಕೇಳಿಸ್ತು, ಆಮೇಲೆ ಸದ್ದೇ ಇಲ್ಲ. ಕೂಗ್ತಾ ಇರೋ ನಾಯಿ ಪರವಾಗಿಲ್ಲ, ಸದ್ದಿಲ್ದೆ ಇರೋದೇ ಭಯ. ಹೋಗಿ ನೋಡಿದ್ರೆ ಗೂಟಕ್ಕೆ ಎದುರಾಗಿ ನಾಲ್ಕೂ ಕಾಲು ಊರಿ ಹಿಂದಕ್ಕೆ ಎಳೀತಾ ಇದೆ, ಕಣ್ಣು ಆಚೆ ಬಂದಿದೆ. ಎಳೆದಷ್ಟೂ ಬಿಗಿಯೋದೇ ಉರುಳಿನ ಕೆಲಸ, ನಾಯಿಗೆ ಅದು ಎಲ್ಲಿ ಗೊತ್ತಾಗಬೇಕು.

ಕಸಿ ಚಾಕು ತೆಗ್ದು ಉಜ್ಜಿದೆ ಉಜ್ಜಿದೆ, ವೈರಿನ ಒಂದು ಎಳೆನೂ ಕಿತ್ಕೊಳ್ಳಲಿಲ್ಲ, ಚಾಕು ಜಾರಿ ನನ್ನ ಎಡಗೈ ಹೆಬ್ಬೆಟ್ಟಿನ ಬುಡಕ್ಕೆ ಇಳೀತು. ನಾಲ್ಕು ಹೊಲಿಗೆ. ರಕ್ತ ಸುರೀತಾ ಇದೆ, ಕೈ ಜಾರುತ್ತೆ, ಆಗ ನಮ್ಮ ತಾತ ಕುರಿ ಬಿಡಿಸ್ತಿದ್ದದ್ದು ನೆನಪಾಯ್ತು. ಕುರೀನ ಮೊದ್ಲು ಗೂಟದ ಕಡೆಗೆ ತಳ್ತಿದ್ರು, ಆಚೆ ಕಡೆಗೆ ಎಳೀತಿರ್ಲಿಲ್ಲ. ಹಂಗೇ ರಾಜನ್ನ ತಬ್ಬಿ ಎತ್ತಿ ಗೂಟದ ಕಡೆಗೇ ಎರಡು ಹೆಜ್ಜೆ ಇಟ್ಟೆ. ವೈರು ಸಡಿಲ ಆಯ್ತು, ಉರುಳಲ್ಲಿ ವೈರು ಜಾರೋ ಕುಣಿಕೆ ಇರುತ್ತಲ್ಲ, ಅದನ್ನ ಉಗುರಲ್ಲಿ ಹಿಂದಕ್ಕೆ ತಳ್ಳಿದ್ರೆ ಒಂದಿಂಚು ಬಿಡ್ತು. ಅಷ್ಟಕ್ಕೇ ಉಸಿರು ಬಂತು. ಅಷ್ಟೊತ್ತಿಗೆ ಮಗ ಪಂಪ್‌ಸೆಟ್ ಮನೆಯಿಂದ ಕಟಿಂಗ್ ಪ್ಲೇಯರ್ ತಂದ, ಎರಡು ಒತ್ತಿಗೆ ಕಟ್ ಆಯ್ತು.

ಇನ್ನೊಂದು ಮಾತು. ಆವತ್ತು ನೋಡಿದ್ರೆ ಕತ್ತಲ್ಲಿ ಕೂದ್ಲು ಹೋಗಿತ್ತು ಅಷ್ಟೇ, ಏನಾಗಿಲ್ಲ ಅಂದ್ಕೊಂಡು ಅರಿಶಿಣ ಹಚ್ಚಿ ಸುಮ್ನಾದೆ. ಮೂರನೇ ದಿನ ಆ ಗೆರೆ ಊದ್ಕೊಂಡು ಚರ್ಮ ಕೊಳೆಯೋಕೆ ಶುರು ಆಯ್ತು. ವೈರು ಬಿಗಿದಾಗ ಅಲ್ಲಿಗೆ ರಕ್ತ ಹೋಗ್ದೆ ಒಳಗಿನ ಮಾಂಸ ಸಾಯುತ್ತೆ, ಅದು ಆಚೆಗೆ ಕಾಣೋದು ಎರಡು ಮೂರು ದಿನ ಬಿಟ್ಟು, ಅಂತ ಡಾಕ್ಟ್ರು ಬೈದ್ರು. ತಿಂಗಳು ಬೇಕಾಯ್ತು ವಾಸಿ ಆಗೋಕೆ. ಉರುಳಿಂದ ಬಿಡಿಸಿದ ನಾಯೀನ ಅವತ್ತೇ ತೋರಿಸಿ, ನಾಳೆ ನೋಡೋಣ ಅನ್ಬೇಡಿ.

ನನ್ನ ಪ್ರಕಾರ ಹೊಲ, ತೋಪು, ಕಾಡಂಚಿನ ಕಡೆ ಹೋಗೋರಿಗೆ ಚಾಕುಗಿಂತ ಸಣ್ಣ ಕಟಿಂಗ್ ಪ್ಲೇಯರ್ ಮುಖ್ಯ. ಇಷ್ಟಕ್ಕೂ ಉರುಳು ಹಾಕೋದೇ ಅಪರಾಧ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೇಲಿ ಉರುಳಲ್ಲಿ ಹಿಡಿಯೋದೂ ಬೇಟೆ ಲೆಕ್ಕಕ್ಕೇ ಬರುತ್ತೆ. ಆದ್ರೂ ಹಾಕ್ತಾರೆ, ಪಕ್ಕದ ಜಮೀನಿನೋರ ಹತ್ರ ಜಗಳ ಆಡೋರು ಯಾರು.

ಮರೆತೆ, ಬೇಲಿಗೆ ಕರೆಂಟ್ ಕೊಟ್ಟಿರೋರೂ ಇದಾರೆ. ನಾಯಿ ತಂತಿ ಹತ್ರ ಸೆಟೆದುಕೊಂಡು ಬಿದ್ದಿದ್ರೆ ಚಾಕು, ಪ್ಲೇಯರ್ ಯಾವುದನ್ನೂ ಹಿಡ್ಕೊಂಡು ಹತ್ರ ಹೋಗ್ಲೇಬೇಡಿ. ಮೊದ್ಲು ಕರೆಂಟ್ ತೆಗೆಸಿ, ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಮೂರು ಜಿಲ್ಲೆಗೂ ಕರೆಂಟ್ ಕೊಡೋದು ಬೆಸ್ಕಾಂ, ಫೋನ್ 1912.

ಬಾಗೇಪಲ್ಲಿ ರೋಡ್:

ಕಾನೂನಿಂದು ನಾನು ಹೇಳ್ತೀನಿ, ವಕೀಲರ ಆಫೀಸಲ್ಲಿ ಟೈಪಿಂಗ್ ಮಾಡ್ತಾ ಕೂತಿರ್ತೀನಿ, ಅಷ್ಟು ಗೊತ್ತು.

ನೀವು ಓದಿರೋ 3 ಇಂಚು ಇಂಗ್ಲೆಂಡಿಂದು ಸರ್, ಅಲ್ಲಿ 1988ರ ಕಾಯ್ದೆ ಒಂದರಲ್ಲಿ ಮಡಚೋ ಚಾಕು, 3 ಇಂಚೊಳಗೆ ಬಾಯಿ ಇದ್ರೆ ಕಾರಣ ಕೇಳಲ್ಲ ಅಂತ ಇದೆ. ನಾಯಿ ಸಾಕೋ ಬಗ್ಗೆ ಇಂಟರ್ನೆಟ್ಟಲ್ಲಿ ಬರೋದೆಲ್ಲಾ ಅಲ್ಲಿನೋರು ಬರೆದಿದ್ದು, ಅದಕ್ಕೇ ಈ ಗೊಂದಲ. ನಮ್ಮಲ್ಲಿ ಇರೋದು 1959ರ ಆರ್ಮ್ಸ್ ಆಕ್ಟು, ಅದರ ನಿಯಮಗಳಲ್ಲಿ 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲ ಇರೋ ಬ್ಲೇಡು ಆಯುಧದ ಪಟ್ಟಿಗೆ ಬರುತ್ತೆ. ಮನೆಗೆಲಸ, ಬೇಸಾಯ, ಕೈಗಾರಿಕೆ ಇಂಥದಕ್ಕೆ ಅಂತ ಮಾಡಿರೋದನ್ನ ಅದರಿಂದ ಬಿಟ್ಟಿದಾರೆ. ಇಲ್ದಿದ್ರೆ ಎಳನೀರು ಕೊಚ್ಚೋರು, ಹಿಪ್ಪುನೇರಳೆ ಕಡ್ಡಿ ಕುಯ್ಯೋರು, ಎಲ್ಲರ ಮೇಲೂ ಕೇಸ್ ಹಾಕ್ಬೇಕಿತ್ತು.

ಅಂದ್ರೆ ನೀವು ಕೇಳ್ತಿರೋ ಥರದ ಸಣ್ಣ ಮಡಚೋ ಚಾಕು ಆ ಪಟ್ಟೀಲಿ ಇಲ್ಲ. ಆದ್ರೆ ಅಷ್ಟಕ್ಕೇ ಮುಗೀತು ಅನ್ಕೋಬೇಡಿ. ಗಲಾಟೆ, ಎಲೆಕ್ಷನ್ನು, ಮೆರವಣಿಗೆ ಅಂತ ನಿಷೇಧಾಜ್ಞೆ ಹಾಕಿರ್ತಾರಲ್ಲ, ಹಿಂದೆ ಸೆಕ್ಷನ್ 144 ಅಂತಿದ್ವಿ, 2024ರ ಜುಲೈ 1ರಿಂದ ಹೊಸ ನಾಗರಿಕ ಸುರಕ್ಷಾ ಸಂಹಿತೇಲಿ ಅದು ಸೆಕ್ಷನ್ 163 ಆಗಿದೆ, ಆ ಆರ್ಡರಲ್ಲಿ ಸಾಮಾನ್ಯವಾಗಿ ಚಾಕು ಚೂರಿ ಹಿಡ್ಕೊಂಡು ಓಡಾಡಬಾರ್ದು ಅಂತಲೂ ಇರುತ್ತೆ. ಅಂಥ ದಿನ ಮನೇಲೇ ಬಿಡಿ. ಕೋರ್ಟು, ವಿಮಾನದ ಕ್ಯಾಬಿನ್ ಬ್ಯಾಗು, ಇದೆಲ್ಲಾ ಹೇಳ್ಬೇಕಾಗಿಲ್ಲ.

ಇದಕ್ಕಿಂತ ಮುಖ್ಯ, ನೋಡೋಕೆ ಹೆಂಗಿದೆ ಅನ್ನೋದು. ಒಂದು ಎಲೆಕ್ಷನ್ ಟೈಮಲ್ಲಿ ರಾತ್ರಿ ಚೆಕ್‌ಪೋಸ್ಟಲ್ಲಿ ನನ್ನ ಕಾರು ನಿಲ್ಲಿಸಿದ್ರು. ಗ್ಲವ್ ಬಾಕ್ಸಲ್ಲಿ ಚಾಕು, ಕಪ್ಪು ಹಿಡಿ, ಬಟನ್ ಒತ್ತಿದ್ರೆ ಚಟ್ ಅಂತ ತೆರ್ಕೊಳ್ಳೋದು, ಶೋಕಿಗೆ ತಗೊಂಡಿದ್ದೆ. ಅರ್ಧ ಗಂಟೆ ನಿಲ್ಲಿಸ್ಕೊಂಡು ಏನ್ ಮಾಡ್ತೀಯಾ, ಯಾರ ಜೊತೆ ದ್ವೇಷ ಅಂತ ಕೇಳಿದ್ರು. ಹಿಂದಿನ ಸೀಟಲ್ಲಿ ನಮ್ಮ ಬ್ರೂನೋ, ಸೀಟ್ ತುಂಬಾ ಕೂದ್ಲು, ಹತ್ತಿ, ಡೆಟಾಲ್, ಲಸಿಕೆ ಕಾರ್ಡು ಎಲ್ಲಾ ಒಂದೇ ಚೀಲದಲ್ಲಿ ಇತ್ತು, ಅದನ್ನ ತೋರಿಸಿದ ಮೇಲೆ ನಕ್ಕೊಂಡು ಕಳಿಸಿದ್ರು, ಬಟನ್ ಚಾಕು ಮಾತ್ರ ವಾಪಸ್ ಬರ್ಲಿಲ್ಲ. ಅವತ್ತಿಂದ ಕೆಂಪು ಹಿಡೀದು, ಕತ್ತರಿ ಚಿಮ್ಟ ಎಲ್ಲಾ ಇರೋ ಸಣ್ಣ ವಿಕ್ಟೋರಿನಾಕ್ಸ್ ಚಾಕು, ನಾಯಿ ಔಷಧಿ ಚೀಲದೊಳಗೇ ಇರುತ್ತೆ. ಸೊಂಟಕ್ಕೆ ಸಿಕ್ಕಿಸ್ಕೊಂಡು ಓಡಾಡ್ಬೇಡಿ.

ಕ್ಯಾತ್ಸಂದ್ರ ಬುಲೆಟ್:

ಎಲ್ಲಾರೂ ಬೆಲ್ಟು ಬೆಲ್ಟು ಅಂತೀರಾ, ಬೀದಿನಾಯಿ ಗುಂಪು ಬಂದ್ರೆ ಏನ್ ಮಾಡ್ತೀರಾ? ನಾನಂತೂ ದೊಡ್ಡದೇ ಇಟ್ಕೊಂಡಿದೀನಿ. ನನ್ನ ನಾಯಿ ಮೇಲೆ ಬಿದ್ರೆ ಸುಮ್ನೆ ನಿಂತ್ಕೊಂಡು ನೋಡೋಕಾಗಲ್ಲ ಗುರು.

ಕೋಲಾರದ ಅಕ್ಕ:

ಬುಲೆಟ್ ತಮ್ಮ, ಕೋಪ ಮಾಡ್ಕೋಬೇಡ. ನಮ್ಮನೇಲಿ ಐದು ನಾಯಿ, ಎಲ್ಲಾ ಬೀದೀಲಿ ಹುಟ್ಟಿದ್ದೇ, ಜಗಳ ಬಿಡಿಸಿ ಬಿಡಿಸಿ ನನ್ನ ಎರಡೂ ಕೈ ನೋಡ್ಬೇಕು ನೀನು. ಮೂರು ನಾಯಿ ಒಂದರ ಮೇಲೊಂದು ಬಿದ್ದು ಸುತ್ತುತಾ ಇರುವಾಗ ಚಾಕು ಬೀಸಿದ್ರೆ ಅದು ಯಾರಿಗೆ ಬೀಳುತ್ತೆ ಹೇಳು? ನಿನ್ನ ನಾಯಿಗೆ, ಇಲ್ಲ ನಿನ್ನ ತೊಡೆಗೆ. ಚುಚ್ಚಿಸ್ಕೊಂಡ ನಾಯಿ ಬಿಡೋದೂ ಇಲ್ಲ, ಇನ್ನೂ ಗಟ್ಟಿಯಾಗಿ ಹಿಡ್ಕೊಳುತ್ತೆ. ಇನ್ನು ಪ್ರಾಣಿ ಹಿಂಸೆ ಕಾಯ್ದೆ 1960ರಿಂದ ಇದೆ, ಬೀದಿನಾಯಿಗೆ ಚಾಕು ಹಾಕಿದ್ರೆ ಕೇಸ್ ಆಗೋದು ನಿನ್ನ ಮೇಲೆ.

ನನ್ನ ಆಯುಧ ಛತ್ರಿ. ಬಟನ್ ಒತ್ತಿದ್ರೆ ಫಟ್ ಅಂತ ಬಿಚ್ಕೊಳ್ಳೋದು. ಗುಂಪು ಬರ್ತಾ ಇರುವಾಗಲೇ ಮುಖಕ್ಕೆ ಬಿಚ್ಚಿದ್ರೆ ಹತ್ತರಲ್ಲಿ ಎಂಟು ಸಲ ಅಲ್ಲೇ ನಿಲ್ತಾವೆ. ಕಚ್ಚಿ ಹಿಡ್ಕೊಂಡೇ ಬಿಟ್ಟಿದ್ರೆ ಬಾಟ್ಲಿ ನೀರು ಮೂಗಿಗೆ, ಅದೂ ಆಗ್ಲಿಲ್ಲ ಅಂದ್ರೆ ಇಬ್ರು ಇದ್ದಾಗ ಹಿಂಗಾಲು ಎತ್ತಿ ತಳ್ಳುಗಾಡಿ ಥರ ಹಿಡ್ಕೊಂಡಿರ್ಬೇಕು, ಹಿಂದಕ್ಕೆ ಎಳೆಯೋದು ಕಚ್ಚಿದ ಬಾಯಿ ಬಿಟ್ಟ ಮೇಲೆ ಮಾತ್ರ. ಕೈ ಹಾಕೋದು ಕತ್ತಿನ ಹತ್ರ ಬೇಡವೇ ಬೇಡ.

ಶಿರಾಗೇಟ್ ತಮ್ಮಂಗೆ ಒಂದು ಮಾತು. ಹಲ್ಲು ಬೆಲ್ಟಿಗೆ ಸಿಕ್ಕಿದ್ದು ನಮ್ಮಲ್ಲೂ ಎರಡು ಸಲ ಆಗಿದೆ. ಕತ್ತರಿಸೋಕೆ ಏನೂ ಇಲ್ಲ ಅಂದ್ರೆ, ಯಾವ ಕಡೆ ಉರುಳಿದಾವೋ ಅದರ ವಿರುದ್ಧ ಕಡೆ ಒಂದು ನಾಯೀನ ಪೂರ್ತಿ ಎತ್ತಿ ಮಗುಚ್ಬೇಕು. ಒಂದು ಸುತ್ತು ಬಿಚ್ಕೊಂಡ್ರೆ ಸಾಕು, ದವಡೆ ಆಚೆ ಬರುತ್ತೆ. ಎರಡನ್ನೂ ಹತ್ರಕ್ಕೆ ಒತ್ತಿ ಹಿಡೀಬೇಕು, ದೂರ ಎಳೆಯೋದಲ್ಲ. ಎರಡನೇ ಸಲ ನಾನು ಹಂಗೇ ಮಾಡಿದ್ದು. ಮೂರನೇ ಸಲ ಆಗ್ಲೇ ಇಲ್ಲ, ಯಾಕಂದ್ರೆ ಆಡೋಕೆ ಬಿಡುವಾಗ ಬೆಲ್ಟೇ ಬಿಚ್ಚಿಬಿಡ್ತೀನಿ.

ಕ್ಯಾತ್ಸಂದ್ರ ಬುಲೆಟ್:

ಛತ್ರಿ ಐಡಿಯಾ ಓಕೆ ಅಕ್ಕ. ಟ್ರೈ ಮಾಡ್ತೀನಿ.

ಹಳೇ ಕಾಂಪೌಂಡರ್:

ಪಶು ಆಸ್ಪತ್ರೇಲಿ ಕೆಲಸ ಮಾಡಿ ರಿಟೈರ್ ಆಗಿದೀನಿ, ಡಾಕ್ಟ್ರಲ್ಲ, ಆದ್ರೆ ಟೇಬಲ್ ಮೇಲೆ ಪ್ರಾಣಿ ಹಿಡ್ಕೊಂಡೋನು ನಾನೇ. ಚಾಕು ಇಟ್ಕೊಳ್ಳೋರಿಗೆ ಒಂದೆರಡು ವಿಷಯ.

ಬೆಲ್ಟು ಕತ್ತರಿಸೋಕೆ ಹೋಗಿ ಕತ್ತೇ ಸೀಳ್ಕೊಂಡು ಬಂದ ನಾಯಿ ನಾನು ನೋಡಿದೀನಿ, ಜಡೆಗಟ್ಟಿದ ಕೂದ್ಲು ಕತ್ತರಿಸ್ತೀನಿ ಅಂತ ಚರ್ಮನೂ ಸೇರಿಸಿ ತೆಗೆದಿರೋದಂತೂ ಲೆಕ್ಕ ಇಲ್ಲ. ಚೂಪು ತುದಿ ಚಾಕು ಒದ್ದಾಡೋ ಪ್ರಾಣಿ ಹತ್ರ ತರಬಾರ್ದು. ಮೆಡಿಕಲ್ ಸ್ಟೋರಲ್ಲಿ ಬ್ಯಾಂಡೇಜ್ ಕತ್ತರಿ ಕೊಡಿ ಅಂತ ಕೇಳಿ, ಕೆಳಗಿನ ಅಲಗಿನ ತುದಿ ಬಾತುಕೋಳಿ ಕೊಕ್ಕಿನ ಥರ ಮೊಂಡಾಗಿ ಚಪ್ಪಟೆ ಇರುತ್ತೆ. ಅದನ್ನ ಚರ್ಮಕ್ಕೆ ಒತ್ತಿ ಬೆಲ್ಟಿನ ಕೆಳಗೆ ಜಾರಿಸಿದ್ರೂ ಚುಚ್ಚಲ್ಲ. ಚಾಕುನೇ ಅಂದ್ರೆ ಆ ಅಜ್ಜಿ ಮಾಡಿದಂಗೆ, ಅಲಗಿನ ಮೊಂಡು ಬೆನ್ನು ಚರ್ಮದ ಕಡೆ, ಹರಿತ ಬಾಯಿ ಆಚೆ ಕಡೆ, ಎಳೆಯೋದು ದೇಹದಿಂದ ದೂರಕ್ಕೆ.

ಹಾವು ಕಚ್ಚಿದ್ರೆ ಚಾಕು ಮುಟ್ಟಲೇಬೇಡಿ. ಗಾಯ ಕೊಯ್ದು ರಕ್ತ ಬಿಡೋದು, ಬಿಗಿಯಾಗಿ ಕಟ್ಟೋದು, ಬಾಯಲ್ಲಿ ಹೀರೋದು, ಮೂರೂ ತಪ್ಪು. ನಮ್ಮ ಕಡೆ ನಾಗರ, ಕಟ್ಟುಹಾವು, ಕೊಳಕುಮಂಡಲ ಎಲ್ಲಾ ಇದಾವೆ, ಮನುಷ್ಯರಿಗೆ ಕೊಡೋ ಆ್ಯಂಟಿವೆನಂ ಇಂಜೆಕ್ಷನ್ನೇ ನಾಯಿಗೂ ಕೊಡೋದು. ನಡೆಸ್ಬೇಡಿ, ಎತ್ಕೊಂಡು ಹೋಗಿ, ಹೊರಡೋಕೆ ಮುಂಚೆ ಆ ಇಂಜೆಕ್ಷನ್ ಎಲ್ಲಿ ಸಿಗುತ್ತೆ ಅಂತ ಫೋನ್ ಮಾಡಿ ಕೇಳ್ಕೊಳ್ಳಿ. ಅಲ್ಲಿ ಕತ್ತರಿಗೆ ಒಂದೇ ಕೆಲಸ: ಮೂತಿಗೆ ಕಚ್ಚಿದ್ರೆ ಮುಖ ಕತ್ತು ಬೇಗ ಊದುತ್ತೆ, ಕತ್ತಿನ ಬೆಲ್ಟು ತೆಗೆದುಬಿಡಿ. ಬೆಲ್ಟು ಹಂಗೇ ಬಿಟ್ಟು ತಂದಿದ್ದ ನಾಯೀದು ಊತದೊಳಗೆ ಬೆಲ್ಟು ಹೂತೋಗಿತ್ತು, ಹುಡುಕಿ ಕತ್ತರಿಸ್ಬೇಕಾಯ್ತು.

ನೋವಲ್ಲಿ ಇರೋ ನಾಯಿ ಸಾಕಿದೋರನ್ನೂ ಕಚ್ಚುತ್ತೆ, ಅದಕ್ಕೆ ನೀವು ಯಾರು ಅಂತಲೇ ಆಗ ಗೊತ್ತಿರಲ್ಲ. ಟೈಮ್ ಇದ್ರೆ ಮೊದ್ಲು ಬಾಯಿ ಕಟ್ಟಿ. ಬ್ಯಾಂಡೇಜ್ ಬಟ್ಟೆನೋ ವೇಲೋ ಕುಣಿಕೆ ಮಾಡಿ ಮೂತಿಗೆ ಹಾಕಿ, ಗದ್ದದ ಕೆಳಗೆ ಒಂದು ಗಂಟು, ಕಿವಿ ಹಿಂದೆ ಇನ್ನೊಂದು, ಎಳೆದ್ರೆ ಬಿಚ್ಚೋ ಗಂಟೇ ಇರಲಿ. ಉಸಿರು ಕಷ್ಟ ಆಗ್ತಿದ್ರೆ, ವಾಂತಿ ಮಾಡ್ತಿದ್ರೆ, ಪಗ್ಗಿನಂಥ ಚಪ್ಪಟೆ ಮೂತಿ ನಾಯಿ ಆಗಿದ್ರೆ ಕಟ್ಟಬೇಡಿ. ಕಚ್ಚಿಸ್ಕೊಂಡ್ರೆ ಮನೆ ನಾಯಿ ಅಂತ ಉದಾಸೀನ ಮಾಡ್ದೆ ನಲ್ಲಿ ನೀರು ಬಿಟ್ಕೊಂಡು ಸೋಪಲ್ಲಿ 15 ನಿಮಿಷ ತೊಳ್ದು ಆಸ್ಪತ್ರೆಗೆ ಹೋಗಿ. 15 ನಿಮಿಷ ಅಂದ್ರೆ ಗಡಿಯಾರ ನೋಡ್ಕೊಂಡು 15, ಎಲ್ರೂ ಎರಡು ನಿಮಿಷಕ್ಕೆ ನಲ್ಲಿ ನಿಲ್ಲಿಸ್ತಾರೆ.

ಏರಿ ಮೇಲೆ ಬಿಯರ್ ಬಾಟ್ಲಿ ಚೂರು ತುಳಿದು ಪಾದ ಕುಯ್ಕೊಂಡು ಬರೋದೇ ಜಾಸ್ತಿ ನಿಜ ಹೇಳ್ಬೇಕಂದ್ರೆ. ಅದಕ್ಕೆ ಚಾಕು ಬೇಕಾಗಿಲ್ಲ, ಒಂದು ಶುದ್ಧ ಕರ್ಚೀಪು ಒತ್ತಿ ಹಿಡ್ಕೊಂಡು ಹತ್ತು ನಿಮಿಷ ತೆಗ್ದು ನೋಡ್ದೆ ಕೂತ್ಕೊಳ್ಳೋ ತಾಳ್ಮೆ ಬೇಕು.

ಕೆರೆ ಕೋಡಿ:

ನಾನು ನರಸಾಪುರದ ಕಡೆಯೋನು. ಕೆಸಿ ವ್ಯಾಲಿ ನೀರು, ಅಂದ್ರೆ ಬೆಂಗ್ಳೂರಿನ ಶುದ್ಧೀಕರಿಸಿದ ಕೊಳಚೆ ನೀರು, ಬಂದ ಮೇಲೆ ನಮ್ಮ ಕಡೆ ಕೆರೆಗಳಲ್ಲಿ ನೀರು ನಿಲ್ತಾ ಇದೆ, ನೀರು ಇದ್ರೆ ಮೀನು, ಮೀನು ಇದ್ರೆ ಬಲೆ. ನಮ್ಮ ಪಿಂಕಿ ಬಾತುಕೋಳಿ ನೋಡಿ ಈಜ್ಕೊಂಡು ಹೋಗಿ ನೈಲಾನ್ ಬಲೆಗೆ ಕಾಲು ಸಿಗಿಸ್ಕೊಳ್ತು. ಎದೆ ಮಟ್ಟ ನೀರು, ಕೆಳಗೆ ಕೆಸರು. ನಾನು ಇಳಿದೆ, ನನಗೆ ಈಜು ಬರುತ್ತೆ ಅಂತ ಇಳಿದೆ, ಬರ್ದೇ ಇರೋರು ಇಳೀಬೇಡಿ, ನಾಯಿ ಹಿಂದೆ ಹೋಗಿ ಮನುಷ್ಯರು ಮುಳುಗಿರೋದು ಉಂಟು.

ಜೇಬಲ್ಲಿ ಚಾಕು ಇತ್ತು. ಒಂದು ಕೈಯಲ್ಲಿ ನಾಯಿ ತಲೆ ನೀರಿಂದ ಮೇಲಕ್ಕೆ ಹಿಡ್ಕೊಂಡಿದೀನಿ, ಇನ್ನೊಂದು ಕೈಯಲ್ಲಿ ಚಾಕು ಬಿಚ್ಬೇಕು, ಉಗುರು ಸಿಗಿಸಿ ಬಿಚ್ಚೋ ಥರದ್ದು, ಒದ್ದೆ ಕೈಗೆ ಎಲ್ಲಿ ಆಗುತ್ತೆ. ಹಲ್ಲಲ್ಲಿ ಕಚ್ಚಿ ಎಳೆದು ಬಿಚ್ಚಿದೆ. ಬಿಚ್ಚಿ ಬಲೆಗೆ ಹಾಕಿ ಒತ್ತಿದ್ರೆ ಅದಕ್ಕೆ ಲಾಕ್ ಇಲ್ಲ, ವಾಪಸ್ ಮಡಚ್ಕೊಂಡು ತೋರುಬೆರಳ ಮೇಲೆ ಕೂತ್ಕೊಳ್ತು. ಕೊನೆಗೆ ತೆಪ್ಪದಲ್ಲಿ ಮೀನಿನೋರು ಬಂದು ಬಲೇನ ನಿಧಾನಕ್ಕೆ ಬಿಡಿಸಿದ್ರು, ಚಾಕು ನೋಡಿ "ಬಲೆ ಕುಯ್ಬೇಡ ಸಾಮಿ, ಬಲೆ ಯಾರಪ್ಪ ಕೊಡ್ತಾರೆ" ಅಂತ ಬೇರೆ ಬೈದ್ರು. ಕುಯ್ದಿದ್ದಷ್ಟಕ್ಕೆ ದುಡ್ಡು ಕೊಟ್ಟೆ, ಅವರದೂ ಹೊಟ್ಟೆಪಾಡಲ್ವಾ.

ಹಂಗಾಗಿ ನನ್ನ ಲೆಕ್ಕ ಎರಡೇ. ಒಂದೇ ಕೈಯಲ್ಲಿ ಬಿಚ್ಚೋಕಾಗಬೇಕು, ಬಿಚ್ಚಿದ ಮೇಲೆ ಲಾಕ್ ಆಗಬೇಕು. ಅಂಗಡೀಲೇ ಎಡಗೈಯಲ್ಲೂ ಬಿಚ್ಚಿ ನೋಡಿ ತಗೊಳ್ಳಿ, ಯಾಕಂದ್ರೆ ಬಲಗೈ ನಾಯಿ ಹತ್ರ ಇರುತ್ತೆ.

ಆಷಾಢದಲ್ಲಿ ಗಾಳಿಪಟದ ದಾರ ಬೇರೆ. ನೈಲಾನ್ ಮಾಂಜಾನ ಹಸಿರು ನ್ಯಾಯಮಂಡಳಿ 2017ರಲ್ಲೇ ದೇಶಪೂರ್ತಿ ಬ್ಯಾನ್ ಮಾಡಿದೆ, ಆದ್ರೂ ಬೇಲಿ ತುಂಬಾ ನೇತಾಡ್ತಿರುತ್ತೆ. ನಾಯಿ ಕಾಲಿಗೆ ಸುತ್ಕೊಂಡ್ರೆ ದಾರ ಎಳೀಬೇಡಿ, ಎಳೆದ್ರೆ ಅದೇ ಗರಗಸ ಆಗುತ್ತೆ. ಕಾಲಿನ ಎರಡೂ ಕಡೆ ದಾರ ಕತ್ತರಿಸಿ ಆಮೇಲೆ ಸುತ್ತು ಬಿಚ್ಚಿ. ಇದಕ್ಕೆ ಕತ್ತರೀನೇ ಸರಿ, ಕಾಂಪೌಂಡರ್ ಸರ್ ಹೇಳಿದ್ದು.

ಶಿಡ್ಲಘಟ್ಟದ ಹುಡ್ಗಿ:

ಕಾಡು ಕೆರೆ ಎಲ್ಲಾ ಬಿಡಿ, ನನಗೆ ಬೇಕಾಗಿದ್ದು ಲಿಫ್ಟಲ್ಲಿ. ಅಣ್ಣನ ಅಪಾರ್ಟ್‌ಮೆಂಟಿಗೆ ಹೋಗಿದ್ದೆ, ನಾನು ಒಳಗೆ ಹೋದೆ, ನಮ್ಮ ಗುಂಡ ಕೊನೇ ಸೆಕೆಂಡಲ್ಲಿ ಯಾವುದೋ ಬೆಕ್ಕು ನೋಡಿ ಆಚೆ ನಿಂತುಬಿಟ್ಟ, ಬಾಗ್ಲು ಮುಚ್ಕೊಳ್ತು. ನನ್ನ ಕೈಯಲ್ಲಿ ಹಗ್ಗ, ಹಗ್ಗದ ಆಚೆ ತುದೀಲಿ ಗುಂಡ. ತೆಳ್ಳಗಿನ ಹಗ್ಗ ಮಧ್ಯ ಸಿಕ್ಕಿದ್ರೆ ಬಾಗಿಲಿಗೆ ಗೊತ್ತಾಗಲ್ಲ. ಕೈಗೆ ಸಿಕ್ಕಿದ ಬಟನ್ನೆಲ್ಲಾ ಒತ್ತಿದೆ, ಬಾಗ್ಲು ತೆರೆಯೋ ಬಟನ್ ಒಂದು ಸಿಕ್ತು, ತೆಗ್ದುಕೊಳ್ತು. ಚಾಕು ಇದ್ದಿದ್ರೂ ಜೇಬಿಂದ ತೆಗೆಯೋಷ್ಟು ಟೈಮ್ ಇರ್ಲಿಲ್ಲ ಅಂತ ಈಗ ಅನ್ಸುತ್ತೆ. ಈಗ ನಾಯಿ ಮೊದ್ಲು, ನಾನು ಆಮೇಲೆ, ಹಗ್ಗ ಮೊಳದಷ್ಟೇ ಬಿಟ್ಟು ಹಿಡ್ಕೊಂಡು ಲಿಫ್ಟ್ ಹತ್ತೋದು.

ಮಾವಿನ ತೋಪು:

ಲಿಫ್ಟ್ ವಿಷ್ಯ ಕೇಳೇ ಇರ್ಲಿಲ್ಲ ತಾಯಿ. ಇನ್ನು ಬೆಂಗ್ಳೂರಿಗೆ ಮಗಳ ಮನೆಗೆ ಹೋದಾಗ ನೋಡ್ಕೋಬೇಕು.

ಶಿರಾಗೇಟ್ ವಾಸಿ:

ಎಲ್ರಿಗೂ ಥ್ಯಾಂಕ್ಸ್. ಇಷ್ಟು ಬರೀತೀರಾ ಅಂದ್ಕೊಂಡಿರ್ಲಿಲ್ಲ. ಮಾಡಿದ್ದೇನು ಅಂತ ಹೇಳ್ತೀನಿ.

ಚಿನ್ನೂದು ಹಳೇ ನೈಲಾನ್ ಬೆಲ್ಟು ಒಂದಿತ್ತು, ಒಂದಿಂಚು ಅಗಲ. ಅದನ್ನ ರಾಗಿ ಚೀಲದ ಕತ್ತಿಗೆ ಬಿಗಿಯಾಗಿ ಕಟ್ಟಿ, ನಾಯಿ ಕತ್ತು ಅಂತ ತಿಳ್ಕೊಂಡು, ನೀರು ಚಿಮುಕಿಸಿ ಒಂದೊಂದೇ ಟ್ರೈ ಮಾಡ್ದೆ. ಅಡುಗೆ ಮನೆ ಚಾಕು ಒದ್ದೆ ನೈಲಾನ್ ಮೇಲೆ ಜಾರ್ತಾನೇ ಇತ್ತು, ಬಿಟ್ಟೆ. ತಮ್ಮಂದು ಮಡಚೋ ಚಾಕು, ನುಣುಪು ಅಲಗು, ಎಂಟು ಒಂಬತ್ತು ಸಲ ಎಳೆದ ಮೇಲೆ ತುಂಡಾಯ್ತು, ತುಂಡಾದ ರಭಸಕ್ಕೆ ತುದಿ ಚೀಲಕ್ಕೆ ಹೊಕ್ತು. ಅಡುಗೆ ಮನೆ ತುಂಬಾ ರಾಗಿ. ಮನೆಯವಳು ಹೇಳಿದ್ದನ್ನ ಇಲ್ಲಿ ಬರೆಯೋಕಾಗಲ್ಲ. ಆದ್ರೆ ಅದು ಚೀಲ ಅಲ್ದೆ ಕರಿಯನ ಕತ್ತಾಗಿದ್ರೆ ಅಂತ ಯೋಚ್ನೆ ಮಾಡಿ ಒಂದು ಕ್ಷಣ ಕೈ ತಣ್ಣಗಾಯ್ತು. ಗರಗಸದ ಹಲ್ಲಿನ ಅಲಗು ಇರೋದು ಪಕ್ಕದ ಮನೆಯವರ ಹತ್ರ ಇತ್ತು, ಅದು ಮೂರು ಎಳೆತಕ್ಕೆ ಹೋಯ್ತು, ತುದಿ ಭಯ ಅದರಲ್ಲೂ ಇದ್ದೇ ಇದೆ.

ಬ್ಯಾಂಡೇಜ್ ಕತ್ತರಿ ಒಂದು ಪದರ ಇರೋ ಕಡೆ ಮೂರು ನಾಲ್ಕು ಕಚ್ಚಿಗೆ ಕತ್ತರಿಸ್ತು, ಚೀಲಕ್ಕೆ ಗೀರೂ ಇಲ್ಲ. ಬಕಲ್ ಹತ್ರ ಬೆಲ್ಟು ಮಡಚಿ ಹೊಲಿದಿರ್ತಾರಲ್ಲ, ಅಲ್ಲಿ ಅದಕ್ಕೂ ಆಗ್ಲಿಲ್ಲ, ಹಂಗಾಗಿ ಕತ್ತರಿಸುವಾಗ ಬಕಲ್ಲಿಂದ ದೂರ ಹಾಕ್ಬೇಕು. ಇದು ಮೊದ್ಲೇ ಗೊತ್ತಾಗಿದ್ದು ಒಳ್ಳೇದಾಯ್ತು. ಎಲ್ಲಕ್ಕಿಂತ ಬೇಗ ಹೋಗಿದ್ದು ಕಾರ್ ಸೀಟ್ ಬೆಲ್ಟು ಕತ್ತರಿಸೋಕೆ ಅಂತ ಮಾರ್ತಾರಲ್ಲ ಕೊಕ್ಕೆ ಥರದ್ದು, ಅಲಗು ಒಳಗಡೆ ಮುಚ್ಚಿರುತ್ತೆ, ಬೆರಳು ಹೋಗಲ್ಲ, ಬೆಲ್ಟು ಮಾತ್ರ ಹೋಗುತ್ತೆ. ಸಿಗಿಸಿ ಎಳೆದ್ರೆ ಒಂದೇ ಸಲಕ್ಕೆ. ನೋಡಿದ್ರೆ ಅದು ಕುಡ್ಲಿನ ಮರಿ, ಅಜ್ಜಿ ಮಾಡಿದ್ದೂ ಅದೇ ಅಲ್ವಾ.

ಈಗ ಕೊಕ್ಕೆ ಚೈನಿನ ಹಿಡೀಲೇ ಸಿಗಿಸಿದೀನಿ, ಜೇಬಲ್ಲಿ ಹುಡುಕೋ ಹಂಗಿಲ್ಲ. ಕತ್ತರಿ, ಸಣ್ಣ ಪ್ಲೇಯರ್ರು, ಬ್ಯಾಂಡೇಜ್ ಬಟ್ಟೆ, ಲಸಿಕೆ ಕಾರ್ಡಿನ ಜೆರಾಕ್ಸು ಸೊಂಟದ ಚೀಲದಲ್ಲಿ. ಚಾಕು ತಗೊಳ್ಳಲಿಲ್ಲ. ಕಡ್ಡಿ ಬಕಲ್ ಬೆಲ್ಟು ಎರಡೂ ಬಿಸಾಕಿ ಒತ್ತಿದ್ರೆ ಬಿಚ್ಚೋ ಕ್ಲಿಪ್ಪಿಂದು ತಂದೆ, ಆಡೋಕೆ ಬಿಡುವಾಗ ಅದನ್ನೂ ಬಿಚ್ಚೋದು ಅಕ್ಕ ಹೇಳಿದಂಗೆ.

ಇವತ್ತು ಬೆಳಗ್ಗೆ ಏರಿ ಹತ್ರ ಅಜ್ಜಿ ಸಿಕ್ಕಿದ್ರು. ಎಲೆ ಅಡಿಕೆ, ಬಾಳೆಹಣ್ಣು ತಗೊಂಡು ಹೋಗಿದ್ದೆ. ಕೊಕ್ಕೆ ತೋರಿಸಿ ನೋಡಜ್ಜಿ ನಾನೂ ಒಂದು ತಂದೆ ಅಂದೆ. ಕೈಗೆ ತಗೊಂಡು ತಿರುಗಿಸಿ ಮುರುಗಿಸಿ ನೋಡಿ "ಇದ್ರಲ್ಲಿ ಹುಲ್ಲು ಕುಯ್ಯಕ್ಕಾಯ್ತದಾ" ಅಂದ್ರು. ಇಲ್ಲ ಅಂದೆ. "ಎಷ್ಟು ಕೊಟ್ಟೆ" ಅಂದ್ರು. ಹೇಳ್ದೆ. ಏನೂ ಮಾತಾಡ್ದೆ ವಾಪಸ್ ಕೊಟ್ಟು ಬಾಳೆಹಣ್ಣು ಸೆರಗಿಗೆ ಕಟ್ಕೊಂಡ್ರು.

ಗುಬ್ಬಿ ಹೈದ:

ಎಷ್ಟು ಕೊಟ್ರಿ ಅಣ್ಣ ಕೊಕ್ಕೆಗೆ?

ಶಿರಾಗೇಟ್ ವಾಸಿ:

ನೀನೂ ಅಜ್ಜಿ ಕಡೇನಾ? 250. ಕಾರ್ ಆಕ್ಸೆಸರೀಸ್ ಅಂಗಡೀಲಿ ಸಿಗುತ್ತೆ, ಇನ್ನೊಂದು ತುದೀಲಿ ಗಾಜು ಒಡೆಯೋ ಮೊಳೆ ಇರುತ್ತೆ, ಅದಕ್ಕೆ ಮುಚ್ಚಳ ಇರೋದು ನೋಡಿ ತಗೋ.